ಜರ್ಮನಿಯಲ್ಲಿ ಮಿನಿಜಾಬ್ ಮಾಡುತ್ತಿದ್ದೀರಾ? ಫೇರ್ ಇಂಟಿಗ್ರೇಷನ್ ಸಲಹಾ ಸೇವೆ ಬಗ್ಗೆ ನನ್ನ ಅನುಭವ

ಜರ್ಮನಿಗೆ ಓದೋಕೆ ಬಂದು ಹೋಟೆಲ್‌ನಲ್ಲೋ ಗೋಡೌನ್‌ನಲ್ಲೋ ಬೇಕರಿಯಲ್ಲೋ ಪಾರ್ಟ್ ಟೈಮ್ ಕೆಲಸ ಮಾಡುತ್ತಿರುವ ನಮ್ಮ ಹುಡುಗ ಹುಡುಗಿಯರು ದಯವಿಟ್ಟು ಇದನ್ನು ಪೂರ್ತಿ ಓದಿ. ಫೇರ್ ಇಂಟಿಗ್ರೇಷನ್ ಅಂತ ಇಲ್ಲೊಂದು ಸಲಹಾ ಸೇವೆ ಇದೆ. ಯುರೋಪಿಯನ್ ಒಕ್ಕೂಟದ ಹೊರಗಿನಿಂದ ಬಂದವರಿಗೆ ಅಂತಲೇ ಇರುವುದು. ಸಂಬಳ ಕೊಟ್ಟಿಲ್ಲ, ರಜೆ ಕೊಟ್ಟಿಲ್ಲ, ಹುಷಾರಿಲ್ಲದಾಗ ದುಡ್ಡು ಹಿಡಿದಿದ್ದಾರೆ, ಏಕಾಏಕಿ ಕೆಲಸದಿಂದ ತೆಗೆದಿದ್ದಾರೆ, ಹೀಗೆ ಏನೇ ಆದರೂ ಕಾನೂನು ಏನು ಹೇಳುತ್ತದೆ, ಮುಂದೇನು ಮಾಡಬೇಕು ಅಂತ ಕೂತು ಹೇಳುತ್ತಾರೆ. ಒಂದು ಪೈಸೆ ತೆಗೆದುಕೊಳ್ಳುವುದಿಲ್ಲ. ಖರ್ಚನ್ನು ಇಲ್ಲಿನ ಕಾರ್ಮಿಕ ಸಚಿವಾಲಯ ನೋಡಿಕೊಳ್ಳುತ್ತದೆ. 16 ರಾಜ್ಯಗಳಲ್ಲೂ ಕಚೇರಿಗಳಿವೆ.

ಇಷ್ಟು ಒಳ್ಳೆಯ ಸೇವೆ ಇದ್ದೂ ನಮ್ಮವರಲ್ಲಿ ಬಹಳ ಜನಕ್ಕೆ ಗೊತ್ತೇ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನನ್ನ ವಿಷಯ ಹೇಳುತ್ತೇನೆ. 2025ರಲ್ಲಿ ನಾನೊಂದು ಇಂಡಿಯನ್ ಹೋಟೆಲ್‌ನ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದೆ. ಹೋಟೆಲ್ ಹೆಸರು, ಊರಿನ ಹೆಸರು ಬೇಡ. ವಾರಕ್ಕೆ ಎರಡು ಸಂಜೆ, ಒಂದೊಂದು ಶಿಫ್ಟ್ ಐದು ಗಂಟೆ, ಇಲ್ಲಿ ಮಿನಿಜಾಬ್ ಅನ್ನುವ ಚಿಕ್ಕ ಪಾರ್ಟ್ ಟೈಮ್ ಕೆಲಸ. ಮೂಟೆಗಟ್ಟಲೆ ಈರುಳ್ಳಿ ಹೆಚ್ಚುವುದು, ನಾನ್‌ಗೆ ಹಿಟ್ಟು ನಾದಿ ಉಂಡೆ ಕಟ್ಟಿಡುವುದು, ಪಾತ್ರೆ ತೊಳೆಯುವ ಮೆಷಿನ್‌ಗೆ ತುಂಬುವುದು, ಕೊನೆಗೆ ಜಿಡ್ಡು ಹಿಡಿದ ನೆಲ ಬ್ರಷ್ ಹಾಕಿ ಉಜ್ಜುವುದು. ನನ್ನ ಪಕ್ಕದಲ್ಲೇ ನಿಂತು ಇದೇ ಕೆಲಸ ಮಾಡುತ್ತಿದ್ದ ಫುಲ್ ಟೈಮ್ ಹೆಲ್ಪರ್‌ಗೆ ಗಂಟೆಗೆ 15 ಯೂರೋ. ನನಗೆ 12.82. ಅಂದರೆ ಆ ವರ್ಷದ ಕನಿಷ್ಠ ಕೂಲಿ, ಅದರ ಮೇಲೆ ಒಂದು ಸೆಂಟ್ ಇಲ್ಲ. ಆಕೆಗೆ ಸಂಬಳ ಸಹಿತ ರಜೆ ಇತ್ತು, ಜ್ವರ ಬಂದರೆ ಡಾಕ್ಟರ್ ಚೀಟಿ ಕೊಟ್ಟು ಮನೆಯಲ್ಲಿ ಇರಬಹುದಿತ್ತು. ನಮಗೆ ಬಂದ ದಿನಕ್ಕೆ ಮಾತ್ರ ದುಡ್ಡು. ನಾವು ಅಂದರೆ ಪಾರ್ಟ್ ಟೈಮ್‌ನವರು, ಎಲ್ಲರೂ ಭಾರತ, ನೇಪಾಳ, ಬಾಂಗ್ಲಾದಿಂದ ಬಂದ ವಿದ್ಯಾರ್ಥಿಗಳು.

ಕೇಳಿದಾಗ ಮಾಲೀಕರು ಹೇಳಿದ್ದು ಇಷ್ಟು: "ಪಾರ್ಟ್ ಟೈಮ್‌ನವರಿಗೆ ರಜೆ ಗಿಜೆ ಇರಲ್ಲ ಬೇಟಾ, ಅದೆಲ್ಲ ಫುಲ್ ಟೈಮ್‌ನವರಿಗೆ. ಪರೀಕ್ಷೆ ಇದ್ರೆ ಬರಲ್ಲ ಅಂತೀರಿ, ನಾನು ಒಪ್ಕೋತೀನಿ. ಅದಕ್ಕೇ ನಿಮ್ಮ ರೇಟ್ ಕಡಿಮೆ." ಎಷ್ಟು ಸಹಜವಾಗಿ ಹೇಳಿದರು ಅಂದರೆ ಅಡುಗೆಮನೆಯಲ್ಲಿ ಎಲ್ಲರೂ ಅದನ್ನೇ ನಿಯಮ ಅಂತ ನಂಬಿದ್ದರು. ಸೀನಿಯರ್‌ಗಳು ಜೂನಿಯರ್‌ಗಳಿಗೆ ಅದನ್ನೇ ಹೇಳಿಕೊಡುತ್ತಿದ್ದರು.

ನಮ್ಮ ಯೂನಿವರ್ಸಿಟಿಯ ವಿದ್ಯಾರ್ಥಿ ಸಂಘದವರು ಫೇರ್ ಇಂಟಿಗ್ರೇಷನ್ ಬಗ್ಗೆ ಹೇಳಿದರು. ಮೇಲ್ ಬರೆದು ಅಪಾಯಿಂಟ್‌ಮೆಂಟ್ ತೆಗೆದುಕೊಂಡೆ. ಮಾತುಕತೆ ವಿಡಿಯೋ ಕಾಲ್‌ನಲ್ಲಿ, ಇಂಗ್ಲಿಷ್‌ನಲ್ಲಿ ಆಯಿತು. ಕಾಂಟ್ರಾಕ್ಟ್, ಪೇ ಸ್ಲಿಪ್‌ಗಳನ್ನು ಮೊದಲೇ ಕಳಿಸಲು ಹೇಳಿದ್ದರು. ಸಲಹೆಗಾರ್ತಿ ಅದನ್ನೆಲ್ಲ ಓದಿಕೊಂಡೇ ಬಂದಿದ್ದರು, ಮೊದಲಿನಿಂದ ಕಥೆ ಹೇಳಿಸಿ ಸುಸ್ತು ಮಾಡಲಿಲ್ಲ. ನನಗೆ ಅತಿ ಹಿಡಿಸಿದ್ದು ಅದೇ. ಸುಮ್ನೆ ಸಮಾಧಾನದ ಮಾತಾಡಿ ಕಳಿಸುವವರಲ್ಲ.

ಅವರು ಹೇಳಿದ ಮೊದಲನೇ ವಿಷಯ ಮಿನಿಜಾಬ್ ಎಂಬುದರ ಬಗ್ಗೆಯೇ. ಮಿನಿಜಾಬ್ ಅಂದರೆ ತಿಂಗಳಿಗೆ ಒಂದು ಮಿತಿಯೊಳಗಿನ ಸಂಬಳ. 2025ರಲ್ಲಿ ಅದು 556 ಯೂರೋ, 2026ರಿಂದ 603. ತೆರಿಗೆ, ವಿಮೆ ಲೆಕ್ಕ ಬೇರೆ ಅಷ್ಟೇ. ಕೆಲಸಗಾರರ ಹಕ್ಕು ಒಂದೂ ಕಡಿಮೆಯಾಗುವುದಿಲ್ಲ. ಪಾರ್ಟ್ ಟೈಮ್ ಕೆಲಸದ ಕಾನೂನು 2001ರಿಂದ ಜಾರಿಯಲ್ಲಿದೆ. ಅದರ 4ನೇ ಸೆಕ್ಷನ್ ಪ್ರಕಾರ ಕಡಿಮೆ ಗಂಟೆ ದುಡಿಯುತ್ತಾರೆ ಅನ್ನುವ ಒಂದೇ ಕಾರಣಕ್ಕೆ ಯಾರಿಗೂ ಫುಲ್ ಟೈಮ್‌ನವರಿಗಿಂತ ಕಡಿಮೆ ರೇಟ್ ಕೊಡುವ ಹಾಗಿಲ್ಲ. ಗಂಟೆ ಕಡಿಮೆ ಇದ್ದರೆ ಒಟ್ಟು ಸಂಬಳ ಕಡಿಮೆ ಆಗುತ್ತದೆ, ಸರಿ. ಒಂದು ಗಂಟೆಯ ಬೆಲೆ ಕಡಿಮೆ ಆಗಬಾರದು.

ನಾನು ಮಾಲೀಕರ ಮಾತನ್ನು ಹೇಳಿದೆ, ಬೇಕಾದಾಗ ಬರುತ್ತೀರಿ ಅದಕ್ಕೆ ರೇಟ್ ಕಡಿಮೆ ಅನ್ನುತ್ತಾರೆ ಅಂತ. ಆಗ ಅವರು ತೋರಿಸಿದ ತೀರ್ಪು ನೋಡಿ. ಎರ್‌ಫುರ್ಟ್‌ನಲ್ಲಿರುವ ಇಲ್ಲಿನ ಕಾರ್ಮಿಕ ಸರ್ವೋಚ್ಚ ನ್ಯಾಯಾಲಯ 2023ರ ಜನವರಿ 18ರಂದು ಕೊಟ್ಟದ್ದು. ಆಂಬ್ಯುಲೆನ್ಸ್ ಸೇವೆಯಲ್ಲಿ ಮಿನಿಜಾಬ್ ಮಾಡುತ್ತಿದ್ದ ಒಬ್ಬರಿಗೆ ಗಂಟೆಗೆ 12 ಯೂರೋ, ಅದೇ ಓದು, ಅದೇ ಕೆಲಸ ಇದ್ದ ಫುಲ್ ಟೈಮ್‌ನವರಿಗೆ 17 ಯೂರೋ. ಕಂಪನಿಯವರ ವಾದವೂ ನಮ್ಮ ಮಾಲೀಕರದ್ದೇ. ಫುಲ್ ಟೈಮ್‌ನವರು ನಾವು ಹಾಕಿದ ಶಿಫ್ಟ್‌ಗೆ ಬರಲೇಬೇಕು, ಇವರು ತಮಗೆ ಬೇಕಾದ ಶಿಫ್ಟ್ ಆರಿಸಿಕೊಳ್ಳಬಹುದು, ಆದ್ದರಿಂದ ಸಂಬಳ ಬೇರೆ ಅಂತ. ಕೋರ್ಟ್ ಒಪ್ಪಲಿಲ್ಲ. ಶಿಫ್ಟ್ ಆರಿಸುವ ಅನುಕೂಲ ಇದೆ ಅಂತ ಗಂಟೆಗೆ 5 ಯೂರೋ ಕಡಿಮೆ ಮಾಡುವುದಕ್ಕೆ ಆಗುವುದಿಲ್ಲ ಎಂದು ಹೇಳಿ ಬಾಕಿ ಕೊಡಿಸಿತು. ಇದನ್ನು ಓದಿದಾಗ ನನಗೆ ಅಳುವೇ ಬಂತು. ನಾವು ಅಡುಗೆಮನೆಯಲ್ಲಿ ಪಿಸುಗುಟ್ಟಿಕೊಂಡು ಸುಮ್ಮನಾಗಿದ್ದ ವಿಷಯವನ್ನು ಯಾರೋ ದೇಶದ ದೊಡ್ಡ ಕೋರ್ಟ್‌ವರೆಗೂ ಒಯ್ದು ಗೆದ್ದಿದ್ದರು.

ಆಮೇಲೆ ಲೆಕ್ಕ. ಇದು ಎಲ್ಲರಿಗೂ ಉಪಯೋಗವಾಗುತ್ತದೆ, ಅದಕ್ಕೆ ಸ್ವಲ್ಪ ಬಿಡಿಸಿ ಬರೆಯುತ್ತೇನೆ. 15ಕ್ಕೂ 12.82ಕ್ಕೂ ಇರುವ ವ್ಯತ್ಯಾಸ ಗಂಟೆಗೆ 2.18 ಯೂರೋ. ವಾರಕ್ಕೆ ಹತ್ತು ಗಂಟೆ ಅಂದರೆ 21.80. ವರ್ಷದಲ್ಲಿ 48 ವಾರ ದುಡಿದರೂ 1,046 ಯೂರೋ ದಾಟುತ್ತದೆ. ಇನ್ನು ರಜೆ. ಇಲ್ಲಿ ಕಾನೂನಿನ ಪ್ರಕಾರ ಎಲ್ಲರಿಗೂ ವರ್ಷಕ್ಕೆ ಕನಿಷ್ಠ ನಾಲ್ಕು ವಾರ ಸಂಬಳ ಸಹಿತ ರಜೆ. ವಾರಕ್ಕೆ ಎರಡು ದಿನ ಕೆಲಸ ಮಾಡುವವರಿಗೆ ನಾಲ್ಕು ವಾರ ಅಂದರೆ ಎಂಟು ದಿನ. ಎಂಟು ದಿನ, ದಿನಕ್ಕೆ ಐದು ಗಂಟೆ, ಗಂಟೆಗೆ 15 ಯೂರೋ, ಒಟ್ಟು 600. ಎರಡೂ ಸೇರಿ 1,646 ಯೂರೋ. ವೀಸಾಕ್ಕೆ ಬದುಕಿನ ಖರ್ಚಿಗೆ ಅಂತ ಮೊದಲೇ ದುಡ್ಡು ಕಟ್ಟಿಡುವ ಬ್ಲಾಕ್ಡ್ ಅಕೌಂಟ್‌ನಲ್ಲಿ ತಿಂಗಳಿಗೆ 992 ಯೂರೋ ಲೆಕ್ಕದಲ್ಲಿ ವರ್ಷಕ್ಕೆ 11,904 ತೋರಿಸುತ್ತೇವಲ್ಲ, ಆ ಲೆಕ್ಕದಲ್ಲಿ ನೋಡಿದರೆ ಒಂದೂವರೆ ತಿಂಗಳಿಗೂ ಜಾಸ್ತಿಯ ಬದುಕಿನ ಖರ್ಚು. ಊರಲ್ಲಿ ಅಪ್ಪ ಸಾಲ ಮಾಡಿ ಹೊಂದಿಸಿದ ದುಡ್ಡು ಅದು. ಹೆಲ್ಪರ್ ಕೆಲಸದಲ್ಲಿ ಚಿಲ್ಲರೆ ವ್ಯತ್ಯಾಸ ಬಿಡಿ ಅನ್ನುವವರಿಗೆ ಈ ಲೆಕ್ಕ ತೋರಿಸಿ.

ಇಲ್ಲೊಂದು ತೊಡಕು ಇದೆ. ಗಂಟೆಗೆ 15 ಕೊಟ್ಟರೆ ತಿಂಗಳಿಗೆ 43 ಗಂಟೆ ದುಡಿಯುವವರ ಸಂಬಳ 650ರ ಹತ್ತಿರ ಹೋಗುತ್ತದೆ, 556ರ ಮಿತಿ ದಾಟುತ್ತದೆ. ಬಹಳ ಮಾಲೀಕರು ಇದನ್ನೇ ಮುಂದಿಡುತ್ತಾರೆ. "ನಿನ್ನ ಒಳ್ಳೇದಕ್ಕೇ ಕಡಿಮೆ ಕೊಡ್ತಿದ್ದೀನಿ, ಜಾಸ್ತಿ ಕೊಟ್ರೆ ಮಿನಿಜಾಬ್ ಹೋಗುತ್ತೆ" ಅಂತ. ಸಲಹೆಗಾರ್ತಿ ಇದಕ್ಕೆ ಎರಡು ದಾರಿ ಹೇಳಿದರು. ಒಂದು, ಗಂಟೆ ಕಡಿಮೆ ಮಾಡುವುದು. 15ರ ರೇಟಿನಲ್ಲಿ 37 ಗಂಟೆ ದುಡಿದರೆ ಸಾಕು, ಅದೇ ದುಡ್ಡು ಬರುತ್ತದೆ, ಉಳಿದ ಆರು ಗಂಟೆ ಓದಿಗೆ. ಇನ್ನೊಂದು, ವೆರ್ಕ್‌ಸ್ಟುಡೆಂಟ್, ಅಂದರೆ ಓದುತ್ತಾ ದುಡಿಯುವ ವಿದ್ಯಾರ್ಥಿ ಅಂತ ಕಾಂಟ್ರಾಕ್ಟ್ ಮಾಡಿಕೊಳ್ಳುವುದು. ಸೆಮಿಸ್ಟರ್ ನಡೆಯುವಾಗ ವಾರಕ್ಕೆ 20 ಗಂಟೆಯವರೆಗೆ ಕೆಲಸ ಮಾಡಬಹುದು, ಸಾಮಾಜಿಕ ವಿಮೆಗಳಲ್ಲಿ ಪಿಂಚಣಿಗೆ ಮಾತ್ರ ಸಂಬಳದಲ್ಲಿ ಹಿಡಿಯುತ್ತಾರೆ. ಮಿತಿಯ ನೆಪದಲ್ಲಿ ರೇಟ್ ಇಳಿಸುವುದು ಇವೆರಡರಲ್ಲೂ ಇಲ್ಲ.

ಇನ್ನೊಂದು ಮಾತು ನನ್ನ ಕಣ್ಣು ತೆರೆಸಿತು. ಮಿನಿಜಾಬ್‌ನವರನ್ನು ಇಟ್ಟುಕೊಂಡರೆ ಮಾಲೀಕರಿಗೆ ಅಗ್ಗ ಅಂತ ನಾವು ತಿಳಿದಿದ್ದೇವೆ. ಕಾನೂನು ಪ್ರಕಾರ ಲೆಕ್ಕ ಹಾಕಿದರೆ ಹಾಗಿಲ್ಲ. ಮಿನಿಜಾಬ್‌ಗೆ ಮಾಲೀಕರು ಪಿಂಚಣಿಗೆ 15%, ಆರೋಗ್ಯ ವಿಮೆಗೆ 13%, ತೆರಿಗೆಗೆ 2% ಅಂತ ಸೇರಿಸಿ ಸಂಬಳದ ಮೇಲೆ ಸುಮಾರು 30% ಕಟ್ಟಬೇಕಾಗುತ್ತದೆ. ಫುಲ್ ಟೈಮ್‌ನವರಿಗೆ ಮಾಲೀಕರ ಪಾಲು ಸುಮಾರು 21%. ಹಾಗಾದರೆ ಎಲ್ಲಿ ಉಳಿತಾಯ? ಕೊಡದ ರಜೆಯಲ್ಲಿ, ಹುಷಾರಿಲ್ಲದ ದಿನದ ಸಂಬಳದಲ್ಲಿ, ಇಳಿಸಿದ ರೇಟಿನಲ್ಲಿ. ಕೆಲಸಕ್ಕೆ ಸೇರಿ ನಾಲ್ಕು ವಾರ ಕಳೆದರೆ ಮಿನಿಜಾಬ್‌ನವರಿಗೂ ಕಾಯಿಲೆ ಸಂಬಳ ಆರು ವಾರದವರೆಗೆ ಸಿಗಬೇಕು ಅಂತ ನಮ್ಮ ಅಡುಗೆಮನೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಆ ಗೊತ್ತಿಲ್ಲದಿರುವುದರ ಮೇಲೇ ಎಷ್ಟೋ ಕಡೆ ವ್ಯಾಪಾರ ನಡೆಯುತ್ತಿದೆ.

ನನ್ನ ಜೊತೆಗಿದ್ದ ನೇಪಾಳದ ಹುಡುಗಿಯ ಕಾಂಟ್ರಾಕ್ಟ್‌ನಲ್ಲಿ ವಾರಕ್ಕೆ ಎಷ್ಟು ಗಂಟೆ ಅಂತಲೇ ಬರೆದಿರಲಿಲ್ಲ. ಕೆಲಸ ಇದ್ದಾಗ ಕರೆಯುತ್ತೇವೆ ಅಂತಷ್ಟೇ. ಮಧ್ಯಾಹ್ನ ವಾಟ್ಸಾಪ್ ಬರುತ್ತಿತ್ತು, ಸಂಜೆ ಬಾ ಅಂತ. ಅವಳನ್ನೂ ಕರೆದುಕೊಂಡು ಹೋದೆ. ಹೀಗೆ ಕರೆದಾಗ ಬರುವ ಕಾಂಟ್ರಾಕ್ಟ್‌ನಲ್ಲಿ ಗಂಟೆ ನಮೂದಿಸದಿದ್ದರೆ ವಾರಕ್ಕೆ 20 ಗಂಟೆ ಅಂತ ಕಾನೂನು ಲೆಕ್ಕ ಹಿಡಿಯುತ್ತದಂತೆ, ಮತ್ತೆ ಶಿಫ್ಟ್ ಯಾವಾಗ ಅಂತ ಕನಿಷ್ಠ ನಾಲ್ಕು ದಿನ ಮುಂಚೆ ತಿಳಿಸಬೇಕಂತೆ. ಅವಳು ಕೇಳಿ ಸುಮ್ಮನೆ ಕೂತುಬಿಟ್ಟಳು. "ಅಕ್ಕ, ನಾನು ಒಂದು ಸಲ ಬರಲ್ಲ ಅಂದಿದ್ದಕ್ಕೆ ಎರಡು ವಾರ ಕರೀಲೇ ಇಲ್ಲ" ಅಂದಳು.

ಫುಲ್ ಟೈಮ್ ಅಂದರೆ ಎಲ್ಲರೂ ಸುಖವಾಗಿದ್ದಾರೆ ಅಂತ ತಿಳಿಯಬೇಡಿ. ನಮ್ಮ ಹೋಟೆಲ್‌ನ ತಂದೂರ್ ಮಾಡುವ ಅಣ್ಣ ಗಢವಾಲ್ ಕಡೆಯವರು. ವಿಶೇಷ ಅಡುಗೆಯವರಿಗೆ ಅಂತ ಕೊಡುವ ವೀಸಾದಲ್ಲಿ ಬಂದವರು, ಅದು ಹೆಚ್ಚೆಂದರೆ ನಾಲ್ಕು ವರ್ಷಕ್ಕೆ ಸಿಗುತ್ತದೆ. ಕಾಗದದ ಮೇಲೆ ವಾರಕ್ಕೆ 40 ಗಂಟೆ, ತಿಂಗಳಿಗೆ 2,300 ಯೂರೋ. ಅಂದರೆ ಗಂಟೆಗೆ 13ರ ಮೇಲೆ, ಕಾಗದ ನೋಡಿದವರಿಗೆ ಎಲ್ಲಾ ಸರಿ. ನಿಜವಾಗಿ ಅವರು ದುಡಿಯುತ್ತಿದ್ದುದು ವಾರಕ್ಕೆ 60 ಗಂಟೆ. ತಿಂಗಳಿಗೆ 260 ಗಂಟೆ ಅಂತ ಭಾಗಿಸಿದರೆ ಗಂಟೆಗೆ ಒಂಬತ್ತು ಯೂರೋ ಕೂಡ ಬರುವುದಿಲ್ಲ. ಪಾರ್ಟ್ ಟೈಮ್ ಹುಡುಗರಿಗಿಂತ ಕಡಿಮೆ! ಅಷ್ಟು ಗಂಟೆಗೆ ಬರೀ ಕನಿಷ್ಠ ಕೂಲಿ ಲೆಕ್ಕ ಹಾಕಿದರೂ 3,300 ದಾಟಬೇಕಿತ್ತು. ಜೊತೆಗೆ ಹೋಟೆಲ್ ಮೇಲಿನ ರೂಮಿನ ಬಾಡಿಗೆಯನ್ನೂ ಸಂಬಳದಲ್ಲೇ ಹಿಡಿಯುತ್ತಿದ್ದರು. ಬೇರೆ ಕಡೆ ಕೆಲಸ ನೋಡಿಕೊಳ್ಳಿ ಅಂತ ನಾವು ಸುಲಭವಾಗಿ ಹೇಳಬಹುದು. ಅವರ ವೀಸಾ ಆ ಕೆಲಸಕ್ಕೆ ಅಂಟಿಕೊಂಡಿದೆ, ಬದಲಿಸಲು ವಿದೇಶಿಯರ ಕಚೇರಿಯ ಒಪ್ಪಿಗೆ ಬೇಕು. ಮೂರು ಜನ ಮಕ್ಕಳನ್ನು ಊರಲ್ಲಿ ಬಿಟ್ಟು ಬಂದ ಮನುಷ್ಯ ಯಾವ ಧೈರ್ಯದ ಮೇಲೆ ದೂರು ಕೊಡಬೇಕು ಹೇಳಿ?

ಇಲ್ಲಿ ಒಂದು ಅಧ್ಯಯನದ ಮಾತು ಹೇಳಬೇಕು. 2025ರ ಜುಲೈನಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು, ಯುರೋಪ್ ಮತ್ತು ಉತ್ತರ ಅಮೆರಿಕದ ಒಂಬತ್ತು ದೇಶಗಳ ಸಂಬಳದ ದಾಖಲೆ ನೋಡಿ ಮಾಡಿದ್ದು. ವಲಸೆ ಬಂದವರು ಅಲ್ಲೇ ಹುಟ್ಟಿದವರಿಗಿಂತ ಸರಾಸರಿ 17.9% ಕಡಿಮೆ ಗಳಿಸುತ್ತಾರೆ, ಜರ್ಮನಿಯಲ್ಲಿ 19.6%. ಒಟ್ಟು ವ್ಯತ್ಯಾಸದ ಸುಮಾರು ಮುಕ್ಕಾಲು ಭಾಗಕ್ಕೆ ಕಾರಣ, ಅವರು ಕಡಿಮೆ ಸಂಬಳದ ಕೆಲಸ, ಕಡಿಮೆ ಸಂಬಳದ ಕಂಪನಿಗಳಲ್ಲೇ ಉಳಿದುಬಿಡುವುದು. ಉಳಿದದ್ದು ಒಂದೇ ಕೆಲಸಕ್ಕೆ ಕಡಿಮೆ ಸಂಬಳ ಕೊಡುವುದರಿಂದ. ಆ ಮುಕ್ಕಾಲು ಭಾಗ ಸರಿಹೋಗಲು ಭಾಷೆ ಬೇಕು, ನಮ್ಮ ಡಿಗ್ರಿಗೆ ಇಲ್ಲಿ ಮಾನ್ಯತೆ ಬೇಕು, ಇನ್ನೂ ಏನೇನೋ ಬೇಕು, ವರ್ಷಗಳೇ ಹಿಡಿಯುತ್ತವೆ. ಉಳಿದ ಕಾಲು ಭಾಗಕ್ಕೆ ಕಾನೂನು ಇವತ್ತೇ ಇದೆ. ಈ ಸೇವೆ ಕೈಗೆ ಕೊಡುವುದು ಅದನ್ನೇ.

ಈಗ ದಾಖಲೆಗಳ ವಿಷಯ. ಕೆಲಸಕ್ಕೆ ಸೇರಿದ ದಿನದಿಂದಲೇ ಬಂದ ಸಮಯ, ಹೋದ ಸಮಯ, ಮಧ್ಯೆ ಎಷ್ಟು ಹೊತ್ತು ಬಿಡುವು ಅಂತ ಬರೆದಿಡಿ. ಫೋನಿನಲ್ಲಿ ಬೇಕಾದರೂ ಬರೆಯಿರಿ. ಮಿನಿಜಾಬ್‌ನವರ ಮತ್ತು ಹೋಟೆಲ್ ಕೆಲಸಗಾರರ ಸಮಯದ ದಾಖಲೆಯನ್ನು ಏಳು ದಿನದೊಳಗೆ ಬರೆದು ಎರಡು ವರ್ಷ ಇಡಬೇಕಾದ್ದು ಮಾಲೀಕರ ಕರ್ತವ್ಯ. ಆದರೂ ನಿಮ್ಮದೊಂದು ಇರಲಿ. ವಾಟ್ಸಾಪ್ ಮೆಸೇಜ್ ಅಳಿಸಬೇಡಿ, ಶಿಫ್ಟ್ ಪಟ್ಟಿಯ ಫೋಟೋ ತೆಗೆದಿಡಿ. ಸಂಬಳದ ಬಗ್ಗೆ ಜೊತೆಯವರ ಹತ್ತಿರ ಮಾತಾಡಬಾರದು ಅಂತ ಕಾಂಟ್ರಾಕ್ಟ್‌ನಲ್ಲಿ ಇದ್ದರೆ ಹೆದರಬೇಡಿ, ಸಾಮಾನ್ಯವಾಗಿ ಅದು ನಿಲ್ಲುವುದಿಲ್ಲ. ಫುಲ್ ಟೈಮ್ ಅಕ್ಕ ತನ್ನ ಪೇ ಸ್ಲಿಪ್ ತೋರಿಸದಿದ್ದರೆ ನನಗೆ ಈ ವ್ಯತ್ಯಾಸ ಗೊತ್ತಾಗುತ್ತಲೇ ಇರಲಿಲ್ಲ. ಅವರು ಪೋಲೆಂಡ್‌ನವರು. ಅವರ ಋಣ ನನ್ನ ಮೇಲಿದೆ.

ತಡ ಮಾಡಬೇಡಿ ಅಂತ ಎಷ್ಟು ಹೇಳಿದರೂ ಸಾಲದು. ಬಹಳ ಕಾಂಟ್ರಾಕ್ಟ್‌ಗಳಲ್ಲಿ ಬಾಕಿ ಏನಿದ್ದರೂ ಮೂರು ತಿಂಗಳೊಳಗೆ ಕೇಳಬೇಕು ಅಂತ ಒಂದು ಷರತ್ತು ಇರುತ್ತದೆ, ನನ್ನದರಲ್ಲೂ ಇತ್ತು. ಕನಿಷ್ಠ ಕೂಲಿಗೆ ಆ ಷರತ್ತು ತಾಗುವುದಿಲ್ಲ, ಅದನ್ನು ವರ್ಷಗಳ ಮೇಲೂ ಕೇಳಬಹುದು. ಆದರೆ ಕನಿಷ್ಠ ಕೂಲಿಯ ಮೇಲಿನ ವ್ಯತ್ಯಾಸ, ಅಂದರೆ ನನ್ನ ಆ 2.18, ಮೂರು ತಿಂಗಳ ಹಿಂದಿನದೆಲ್ಲ ಹೋಯಿತು. ಕೆಲಸದಿಂದ ತೆಗೆದರೆ ಇನ್ನೂ ಬೇಗ ಓಡಬೇಕು. ತೆಗೆದಿದ್ದನ್ನು ಪ್ರಶ್ನಿಸಲು ಕೋರ್ಟಿಗೆ ಹೋಗುವ ಅವಧಿ ಮೂರೇ ವಾರ.

ವೀಸಾ ಭಯ ಎಲ್ಲರಿಗೂ ಇದೆ, ನನಗೂ ಇತ್ತು. ದುಡಿದ ಸಂಬಳ ಕೇಳುವುದು ವೀಸಾ ನಿಯಮ ಮುರಿದಂತಲ್ಲ. ಸಲಹೆಗಾರರ ಹತ್ತಿರ ಹೇಳಿದ್ದು ಗುಟ್ಟಾಗಿಯೇ ಇರುತ್ತದೆ. ವಿದ್ಯಾರ್ಥಿಗಳಿಗೆ 2024ರ ಮಾರ್ಚ್‌ನಿಂದ ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡುವ ಅನುಮತಿ ಇದೆ. ಅದಕ್ಕಿಂತ ಜಾಸ್ತಿ ಮಾಡಿದ್ದರೆ ಅದನ್ನು ಮುಚ್ಚಿಡದೆ ಸಲಹೆಗಾರರಿಗೆ ಮೊದಲೇ ಹೇಳಿಬಿಡಿ, ಆಗ ಅವರು ಜಾಗ್ರತೆಯಿಂದ ದಾರಿ ಹೇಳುತ್ತಾರೆ.

ಈ ಸೇವೆಯಿಂದ ಏನು ಆಗುವುದಿಲ್ಲ ಅನ್ನುವುದೂ ಗೊತ್ತಿರಲಿ. ಅವರು ವಕೀಲರಲ್ಲ, ಕೋರ್ಟಿನಲ್ಲಿ ನಿಮ್ಮ ಪರ ನಿಲ್ಲುವುದಿಲ್ಲ. ಪತ್ರ ಬರೆಯಲು, ಲೆಕ್ಕ ಮಾಡಲು, ಯಾವ ಕಚೇರಿಗೆ ಹೋಗಬೇಕು ಅಂತ ತೋರಿಸಲು ಇದ್ದಾರೆ. ಕೋರ್ಟಿಗೇ ಹೋಗಬೇಕಾಗಿ ಬಂದರೆ ಕಾರ್ಮಿಕ ಕೋರ್ಟಿನ ಮೊದಲ ಹಂತದಲ್ಲಿ ವಕೀಲರು ಇರಲೇಬೇಕು ಅಂತಿಲ್ಲ. ಕೋರ್ಟಿನಲ್ಲೇ ದೂರು ಬರೆದುಕೊಳ್ಳುವ ಕೌಂಟರ್ ಇರುತ್ತದೆ. ವಕೀಲರನ್ನು ಇಟ್ಟರೆ ಗೆದ್ದರೂ ಅವರ ಫೀಸು ನಿಮ್ಮದೇ, ಅದು ನೆನಪಿರಲಿ. ಹೋಟೆಲ್ ಕೆಲಸದವರಿಗೆ ಎನ್‌ಜಿಜಿ ಅನ್ನುವ ಯೂನಿಯನ್ ಇದೆ, ಸದಸ್ಯರಿಗೆ ಕೋರ್ಟಿನ ವಿಷಯದಲ್ಲೂ ನೆರವಾಗುತ್ತದೆ. ಬಹಳ ದಿನ ಅಲ್ಲೇ ಕೆಲಸ ಮಾಡುವ ಯೋಚನೆ ಇದ್ದರೆ ಸೇರುವುದು ಒಳ್ಳೆಯದು.

ನನ್ನ ವಿಷಯದಲ್ಲಿ ಕೋರ್ಟಿನವರೆಗೆ ಹೋಗಬೇಕಾಗಲಿಲ್ಲ. ಸಲಹೆಗಾರ್ತಿ ಜೊತೆ ಕೂತು ಜರ್ಮನ್‌ನಲ್ಲಿ ಒಂದು ಪತ್ರ ಸಿದ್ಧ ಮಾಡಿದೆವು. ಯಾವ ತಿಂಗಳು ಎಷ್ಟು ಗಂಟೆ, ಎಷ್ಟು ಕೊಟ್ಟಿದ್ದೀರಿ, ಎಷ್ಟು ಕೊಡಬೇಕಿತ್ತು, ಯಾವ ದಿನಾಂಕದೊಳಗೆ ಕೊಡಬೇಕು, ಅಷ್ಟೇ. ಬೈಗುಳ ಇಲ್ಲ, ಬೆದರಿಕೆ ಇಲ್ಲ. ಮಾಲೀಕರು ಮೊದಲು ಫೋನಿನಲ್ಲಿ ಕೂಗಾಡಿದರು. ಆಮೇಲೆ ಅವರ ಲೆಕ್ಕದವರು ನೋಡಿದರು ಅನ್ನಿಸುತ್ತದೆ, ಮೂರು ತಿಂಗಳ ವ್ಯತ್ಯಾಸವೂ ರಜೆಯ ದುಡ್ಡೂ ಬ್ಯಾಂಕಿಗೆ ಬಂತು. ನಾನು ಅಷ್ಟೊತ್ತಿಗೆ ಕೆಲಸ ಬಿಟ್ಟಿದ್ದರಿಂದ ರಜೆ ದುಡ್ಡಾಗಿ ಸಿಕ್ಕಿತು. ಕೆಲಸದಲ್ಲೇ ಇರುವವರು ಅದನ್ನು ರಜೆಯಾಗಿಯೇ ತೆಗೆದುಕೊಳ್ಳಬೇಕು. ನೇಪಾಳದ ಹುಡುಗಿಗೆ ಗಂಟೆ ನಮೂದಿಸಿದ ಹೊಸ ಕಾಂಟ್ರಾಕ್ಟ್ ಸಿಕ್ಕಿತು. ತಂದೂರ್ ಅಣ್ಣ ಇನ್ನೂ ಯೋಚನೆ ಮಾಡುತ್ತಿದ್ದಾರೆ. ಆದರೆ ಗಂಟೆ ಬರೆದಿಡಲು ಶುರು ಮಾಡಿದ್ದಾರೆ.

ನನ್ನ ಮಟ್ಟಿಗೆ ಐದಕ್ಕೆ ಐದು. 2026ರ ಜನವರಿಯಿಂದ ಹೊಸ ನಿಯಮ ಬಂದಿದೆ. ಹೊರದೇಶದಲ್ಲಿರುವವರನ್ನು ಕೆಲಸಕ್ಕೆ ಕರೆಸಿಕೊಳ್ಳುವ ಮಾಲೀಕರು, ಇಂಥ ಉಚಿತ ಸಲಹೆ ಸಿಗುತ್ತದೆ ಅಂತ ಕೆಲಸದ ಮೊದಲ ದಿನದೊಳಗೆ ಅವರಿಗೆ ಬರವಣಿಗೆಯಲ್ಲಿ ತಿಳಿಸಬೇಕು. ತಂದೂರ್ ಅಣ್ಣನಂತೆ ಬರುವವರಿಗೆ ಇನ್ನು ಮುಂದೆ ಅಷ್ಟಾದರೂ ಗೊತ್ತಾಗುತ್ತದೆ. ಓದಲು ಬಂದು ಇಲ್ಲೇ ಕೆಲಸ ಹುಡುಕಿಕೊಳ್ಳುವ ವಿದ್ಯಾರ್ಥಿಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ, ಅವರಿಗೆ ನಾವೇ ಹೇಳಬೇಕು. ಅಕ್ಟೋಬರ್‌ನಲ್ಲಿ ಹೊಸ ಬ್ಯಾಚ್ ಬಂದಾಗ ಕನ್ನಡ ಗ್ರೂಪ್‌ಗಳಲ್ಲಿ ರೂಮು, ಸಿಮ್ ಕಾರ್ಡ್, ಅಕ್ಕಿ ಎಲ್ಲಿ ಸಿಗುತ್ತದೆ ಅಂತೆಲ್ಲ ಹಾಕುತ್ತೀರಲ್ಲ, ಅದರ ಜೊತೆಗೆ ನಿಮ್ಮ ರಾಜ್ಯದ ಫೇರ್ ಇಂಟಿಗ್ರೇಷನ್ ಕಚೇರಿಯ ಮೇಲ್ ವಿಳಾಸವನ್ನೂ ಹಾಕಿ. ಅವರ ವೆಬ್‌ಸೈಟ್‌ನಲ್ಲಿ ರಾಜ್ಯವಾರು ಪಟ್ಟಿ ಇದೆ.